ಒಂದೂವರೆ ಗೇಣಿನ ಎಳೆ

ವಿಜ್ಞಾನ ಪತ್ರಿಕೆಯವರ ಉತ್ತರ ಬಂದಾಗ ರುಯಿಫೆನ್ ಫ್ಲಾಸ್ಕಿನಲ್ಲಿ ಚಿನ್ನ ಕುದಿಸುತ್ತಿದ್ದಳು. ಆ ಹೊತ್ತಿನಲ್ಲಿ ಕಣ್ಣು ಅತ್ತಿತ್ತ ಆಡಿಸುವಂತಿಲ್ಲ. ತೆಳು ಹಳದಿ ನೀರು ಮೊದಲು ಬಣ್ಣ ಕಳೆದುಕೊಳ್ಳುತ್ತದೆ, ಆಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ನೋಡನೋಡುತ್ತಲೇ ದಾಳಿಂಬೆ ರಸದ ಹಾಗೆ ಕೆಂಪಾಗುತ್ತದೆ. ಕೆಂಪಾಯಿತೆಂದರೆ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿದೆ ಎಂದು ಅರ್ಥ. ಚೂ ಮೇಷ್ಟ್ರಿಗೆ ಇದೆಲ್ಲ ಗೊತ್ತು. ಅವರು ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತು ನೀರು ಕೆಂಪಾಗುವವರೆಗೆ ಕಾದರು.

“ಮೂವರು ಪರಿಶೀಲಕರಲ್ಲಿ ಇಬ್ಬರು ನಿನ್ನ ಲೇಖನ ಒಪ್ಪಿದ್ದಾರೆ ಕಣಮ್ಮಾ,” ಎಂದರು. “ಮೂರನೆಯವನು ಒಂದು ಕೊಕ್ಕೆ ಹಾಕಿದ್ದಾನೆ.”

“ಏನಂತೆ ಮೇಷ್ಟ್ರೇ?”

“ಎಳೆಯೊಳಗೆ ಚಿನ್ನ ಹೇಗೆ ಕೂತಿದೆ ಅಂತ ತೋರಿಸಬೇಕಂತೆ. ಎರಡು ತುದಿ, ಒಂದು ನಡು. ಮೂರು ಕಡೆ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ಕಳಿಸಬೇಕು.”

ರುಯಿಫೆನ್ ಒಲೆ ಆರಿಸಿದಳು. “ಆಗಲಿ ಮೇಷ್ಟ್ರೇ.”

“ಆ ಎಳೆ ನಿನ್ನ ಹತ್ರಾನೇ ಇದೆ ಅಲ್ವಾ?”

“ಇದೆ.”

“ಕತ್ತರಿಸ್ತೀಯಾ?”

“ಆಗಲಿ ಅಂದ್ನಲ್ಲ.”

“ಹೊತ್ತಿಗೆ ಸರಿಯಾಗಿ ಊಟ ಮಾಡು,” ಎಂದು ಹೇಳಿ ಮೇಷ್ಟ್ರು ಹೊರಟುಹೋದರು.

ಆ ಎಳೆ ರುಯಿಫೆನ್‌ಳ ಮೇಜಿನ ಡ್ರಾಯರಿನಲ್ಲಿ, ಕಪ್ಪು ಕಾಗದದ ಸುರುಳಿಯಲ್ಲಿತ್ತು. ನೋಡಿದರೆ ಮೀನಿನ ಗಾಳಕ್ಕೆ ಕಟ್ಟುವ ದಾರದಂತೆ ಕಾಣುತ್ತದೆ. ಒಂದೂವರೆ ಗೇಣು ಉದ್ದ. ಪ್ಲಾಸ್ಟಿಕ್ಕಿನದು. ಅದರ ಹೊಟ್ಟೆಯಲ್ಲಿ ಒಂದಿಷ್ಟು ಹೊಳೆಯುವ ಬಣ್ಣ, ಒಂದಿಷ್ಟು ಚಿನ್ನದ ಕಣ. ಸಾಮಾನ್ಯ ಲೇಸರಿಗೆ ಎದುರುಬದುರಾಗಿ ಎರಡು ಕನ್ನಡಿ ಬೇಕು; ಬೆಳಕು ಅವುಗಳ ನಡುವೆ ಓಡಾಡಿ ಓಡಾಡಿ ಬಲಿಯುತ್ತದೆ. ಈ ಎಳೆಯಲ್ಲಿ ಕನ್ನಡಿಯೇ ಇಲ್ಲ. ಒಳಗೆ ಹೊಕ್ಕ ಬೆಳಕು ಚಿನ್ನದ ಕಣಗಳಿಗೆ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ, ಮತ್ತೊಂದಕ್ಕೆ ಡಿಕ್ಕಿ ಹೊಡೆಯುತ್ತದೆ, ಹೊರಗೆ ಹೋಗಲಾರದೆ ಅಲ್ಲೇ ಸುತ್ತುತ್ತ ಬಲಿಯುತ್ತದೆ. ಹುಡುಗರು ಅದನ್ನು ಅಡ್ಡಾದಿಡ್ಡಿ ಲೇಸರ್ ಎಂದು ಕರೆಯುತ್ತಿದ್ದರು. ಬೆಳಕು ಬಲಿಯಿತೋ ಇಲ್ಲವೋ ಎಂಬುದು ಕಂಪ್ಯೂಟರಿನ ತೆರೆಯ ಮೇಲೆ ತಿಳಿಯುತ್ತದೆ. ಬಲಿಯದಿದ್ದರೆ ಒಂದು ಮೊಂಡು ಗುಡ್ಡ ಮೂಡುತ್ತದೆ. ಬಲಿತರೆ ಗುಡ್ಡದ ನೆತ್ತಿಯಿಂದ ಚೂಪು ಮುಳ್ಳುಗಳು ಏಳುತ್ತವೆ. ಒಂದು ಎಳೆಯ ಮುಳ್ಳುಗಳು ಇನ್ನೊಂದು ಎಳೆಯಲ್ಲಿ ಬರುವುದಿಲ್ಲ.

ಆ ಎಳೆಗೆ ಬೇಕಾದ ಚಿನ್ನದ ನೀರು ಕಾಯಿಸಿದವನು ಯೌಲಿನ್. ಎಳೆ ಎಳೆದವಳು ರುಯಿಫೆನ್. ಇಬ್ಬರೂ ಒಂದೇ ವರ್ಷ ಆ ಪ್ರಯೋಗಶಾಲೆಗೆ ಸೇರಿದವರು, ವಸಂತ ಕಳೆದ ಮೇಲೆ ಮದುವೆ ನೋಂದಾಯಿಸಿಕೊಳ್ಳಬೇಕೆಂದಿದ್ದವರು. ಮಾರ್ಚಿನಲ್ಲಿ, ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ, ಯೌಲಿನ್‌ನ ಬ್ಯಾಟರಿ ಸ್ಕೂಟರಿಗೆ ಮಣ್ಣಿನ ಲಾರಿ ಬಡಿಯಿತು. ಅಂದು ಅವನು ಎಲ್ಲರಿಗೂ ತಿಂಡಿಗೆ ಬಿಸಿ ಬನ್ನು ತರುತ್ತೇನೆಂದು ಹೋಗಿದ್ದ.

ಆ ಪ್ರಯೋಗಶಾಲೆಯಲ್ಲಿ ಒಂದು ರೂಢಿ ಇದೆ. ಯಾರಾದರೂ ಪದವಿ ಮುಗಿಸಿ ಹೋದರೆ ಅವರ ಕಪಾಟಿನ ಗಾಜಿನ ಸಾಮಾನನ್ನೆಲ್ಲ ಉಳಿದವರಲ್ಲಿ ಒಬ್ಬರು ಆಮ್ಲರಾಜದಲ್ಲಿ ತೊಳೆದು ಮುಂದಿನವರಿಗೆ ಕೊಡುತ್ತಾರೆ. ಆಮ್ಲರಾಜ ಎಂದರೆ ಚಿನ್ನವನ್ನೂ ಕರಗಿಸಿಬಿಡುವ ಕಿತ್ತಳೆ ಬಣ್ಣದ ಹೊಗೆಯಾಡುವ ದ್ರವ. ಹಳೆಯ ಚಿನ್ನದ ಒಂದು ಕಲೆ ಉಳಿದರೂ ಹೊಸ ಕಣಗಳು ಅದಕ್ಕೆ ಅಂಟಿಕೊಂಡು ಕೆಟ್ಟುಹೋಗುತ್ತವೆ. ಅದಕ್ಕೇ ಈ ಕಟ್ಟುನಿಟ್ಟು. ಯೌಲಿನ್‌ನ ಸಾಮಾನನ್ನು ತೊಳೆ ಎಂದು ರುಯಿಫೆನ್‌ಗೆ ಯಾರೂ ಹೇಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ವಾರವೇ ಅವಳು ಉದ್ದನೆಯ ರಬ್ಬರ್ ಕೈಗವಸು ತೊಟ್ಟು ನಿಂತಳು. ಫ್ಲಾಸ್ಕು, ಬೀಕರು, ಕಡ್ಡಿ, ಅವನು ಪೆನ್ನು ಸಿಕ್ಕಿಸಿಡುತ್ತಿದ್ದ ಒಡಕು ಲೋಟ, ಒಂದನ್ನೂ ಬಿಡಲಿಲ್ಲ. ಗಟ್ಟಿ ಹುಡುಗಿ ಎಂದರು ಎಲ್ಲರೂ. ಅವಳು ಅಳಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಕೈ ಬಹಳ ಹೊತ್ತು ತಣ್ಣೀರಿನಲ್ಲಿದ್ದರೆ ಜುಮ್ಮೆನ್ನುವುದೂ ನಿಂತುಹೋಗುತ್ತದಲ್ಲ, ಹಾಗಿತ್ತು ಅವಳಿಗೆ. ಎದ್ದಳು, ಕೆಲಸ ಮಾಡಿದಳು, ಮಲಗಿದಳು.

ಅಷ್ಟು ಹೊತ್ತಿಗೆ ಆ ಎಳೆಯ ಸುರುಳಿ ಬಹುಪಾಲು ಮುಗಿದಿತ್ತು. ಅಳತೆಗೆಂದು ಕತ್ತರಿಸಿದ್ದು, ತುದಿ ಉಜ್ಜುವಾಗ ಮುರಿದದ್ದು, ಹೆಚ್ಚು ಬೆಳಕು ಬಿಟ್ಟು ಸುಟ್ಟದ್ದು, ಹೀಗೆ ಕಸಕ್ಕೆ ಹೋಗಿ ಉಳಿದದ್ದು ಒಂದೂವರೆ ಗೇಣು. ಅದಕ್ಕಿಂತ ಗಿಡ್ಡ ತುಂಡುಗಳು ಬರೀ ಮಿನುಗುತ್ತವೆ, ಮುಳ್ಳು ಬಿಡುವುದಿಲ್ಲ. ಹಚ್ಚಿದಷ್ಟು ಸಲವೂ ಒಳಗಿನ ಬಣ್ಣ ಒಂದಿಷ್ಟು ಮಾಸುತ್ತದೆ ಎಂದು ರುಯಿಫೆನ್ ಅದನ್ನು ಹಚ್ಚುತ್ತಲೂ ಇರಲಿಲ್ಲ. ಡ್ರಾಯರಿನಲ್ಲಿ ಇದೆ ಎಂದು ಗೊತ್ತಿದ್ದರೆ ಅವಳಿಗೆ ಸಾಕಾಗಿತ್ತು.

ಮಾರನೆಯ ದಿನ ಅವಳೇ ಮೇಷ್ಟ್ರ ಕೋಣೆಗೆ ಹೋದಳು.

“ಇನ್ನೊಂದು ಎಳೆ ಮಾಡ್ತೀನಿ ಮೇಷ್ಟ್ರೇ. ಅದನ್ನೇ ಕತ್ತರಿಸಿ ಚಿತ್ರ ತೆಗೆದ್ರಾಯ್ತು.”

“ಮುಳ್ಳು ಬರೋ ಎಳೆ ಆಗ್ಬೇಕು.”

“ಬರುತ್ತೆ.”

“ಬೇಸಿಗೆಯಿಂದ ಮಾಡ್ತಾನೇ ಇದ್ದೀಯ. ಬಂತಾ?” ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. “ನೋಡಮ್ಮಾ, ಹೊಸವರ್ಷದ ವಸಂತ ಹಬ್ಬದ ರಜೆಗೆ ಮುಂಚೆ ಉತ್ತರ ಹೋಗ್ಬೇಕು. ಅಲ್ಲೀವರೆಗೆ ಮಾಡಿ ನೋಡು. ಆಗ್ಲಿಲ್ಲ ಅಂದ್ರೆ ಅದನ್ನೇ ಕತ್ತರಿಸೋದು. ಲೇಖನ ಅಚ್ಚಾಗದೆ ನಿಂಗೆ ಪದವಿ ಕೊಡಿಸೋಕೆ ನನ್ನ ಕೈಲಿ ಆಗಲ್ಲ.”

ಅವಳು ಮಾಡಿದಳು. ಚಿನ್ನ ಕುದಿಸುವುದು, ಕಣಗಳನ್ನು ನೀರಿನಿಂದ ಎಣ್ಣೆಯಂಥ ದ್ರವಕ್ಕೆ ದಾಟಿಸುವುದು, ಬಣ್ಣ ಬೆರೆಸಿ ಕಡ್ಡಿಯಾಗಿ ಗಟ್ಟಿಯಾಗಿಸುವುದು, ಕಡ್ಡಿಯನ್ನು ಕುಲುಮೆಯ ಬಾಯಿಂದ ಕೆಳಕ್ಕೆ ಎಳೆಯಾಗಿ ಇಳಿಸುವುದು. ಯೌಲಿನ್ ಹಾಕುತ್ತಿದ್ದಷ್ಟೇ ಚಿನ್ನ, ಅಷ್ಟೇ ಉಪ್ಪು, ಅಷ್ಟೇ ಕುದಿ. ಪ್ರತಿ ಸಲವೂ ನೀರು ಅಂದವಾಗಿ ಕೆಂಪಾಯಿತು. ಅಷ್ಟು ತಿಳಿಯಾದ ಕೆಂಪು ಯೌಲಿನ್‌ನ ಕೈಯಲ್ಲಿ ಎಂದೂ ಬಂದಿರಲಿಲ್ಲ. ಆದರೆ ಎಳೆಗೆ ಬೆಳಕು ಬಿಟ್ಟರೆ ಮೊಂಡು ಗುಡ್ಡ. ಅವಳು ಸುಮ್ಮನೆ ಎಳೆಯನ್ನು ತೆಗೆದು ಕಸದ ಡಬ್ಬಿಗೆ ಹಾಕಿ ಮತ್ತೆ ಫ್ಲಾಸ್ಕು ತೊಳೆಯುತ್ತಿದ್ದಳು.

ಒಂದು ಮಧ್ಯಾಹ್ನ ದೆಶುನ್ ಅವಳನ್ನು ಕ್ಯಾಂಟೀನಿಗೆ ಎಳೆದುಕೊಂಡು ಹೋದ. ಅವನು ಅವಳಿಗಿಂತ ಎರಡು ವರ್ಷ ತಡವಾಗಿ ಸೇರಿದವನು, ಖಾರದೂಟಕ್ಕೆ ಹೆಸರಾದ ಹುನಾನ್ ಕಡೆಯವನು. ಪ್ರಯೋಗಶಾಲೆಯಲ್ಲಿ ಮೊದಲು ಸೇರಿದವರು ಅಣ್ಣ ಅಕ್ಕ, ಆಮೇಲೆ ಸೇರಿದವರು ತಮ್ಮ ತಂಗಿ. ಅವನು ತನ್ನ ನೂಡಲ್ಸಿಗೆ ಕೆಂಪು ಖಾರದ ಎಣ್ಣೆಯನ್ನು ಚಮಚೆಗಟ್ಟಲೆ ಸುರಿದುಕೊಂಡ.

“ಅಕ್ಕ, ನೀನು ಹೀಗೆ ಉಪ್ಪುಖಾರ ಇಲ್ದೆ ತಿಂದ್ರೆ ನಾಲಿಗೆಗೆ ತುಕ್ಕು ಹಿಡಿಯುತ್ತೆ.”

“ನಂಗೆ ರುಚಿ ಗೊತ್ತಾಗಲ್ಲ. ನಿಂದು ನೀನು ತಿನ್ನು.”

“ಇವತ್ತಿನ ಎಳೆ?”

“ಗುಡ್ಡ.”

“ಮತ್ತೆ ಗುಡ್ಡಾನಾ? ಒಳ್ಳೆ ಗುಡ್ಡಗಾಡಲ್ಲಿ ಸಿಕ್ಕಿಹಾಕ್ಕೊಂಡಿದ್ದೀಯಲ್ಲ ಮಾರಾಯ್ತಿ!” ಅವನೇ ನಕ್ಕ. ಅವಳು ನಗದಿದ್ದುದು ನೋಡಿ ನೂಡಲ್ಸು ಕೆದಕಿದ. “ನಿಜ ಹೇಳ್ಬೇಕು ಅಂದ್ರೆ ಅಕ್ಕ, ಯೌಲಿನ್ ಅಣ್ಣನ ನೀರು ನಿನ್ನಷ್ಟು ಚೆನ್ನಾಗಿ ಬರ್ತಾನೇ ಇರ್ಲಿಲ್ಲ. ಮಂಕಾಗಿ, ಸ್ವಲ್ಪ ನೇರಳೆ ತಿರುಗಿರ್ತಿತ್ತು. ಹೇಗೆ ಬರುತ್ತೆ ಹೇಳು? ಅವನು ಆಮ್ಲರಾಜ ಮುಟ್ಟಿದ್ದನ್ನ ನೀನು ನೋಡಿದ್ದೀಯಾ?”

“ತೊಳೆದೆ ಅಂತ ಹೇಳ್ತಿದ್ನಲ್ಲ.”

“ನಿನ್ನ ಹತ್ರ ಹೇಳದೆ ಇನ್ನೇನು! ನೀನು ಬೈತೀಯಾ ಅಂತ. ನಲ್ಲಿ ನೀರಲ್ಲಿ ಗುಳಗುಳ ಅಂತ ಎರಡು ಸಲ ಆಡಿಸಿ ಬೋರಲು ಹಾಕ್ತಿದ್ದ. ಅವನ ದೊಡ್ಡ ಫ್ಲಾಸ್ಕಿನ ಒಳಗೆ ಒಂದು ನೀಲಿ ಬಳೆ ಕಟ್ಟಿತ್ತು ನೋಡಿರ್ಲಿಲ್ವಾ? ಹಳೇ ಚಿನ್ನದ ಗಸಿ. ಮೇಷ್ಟ್ರು ಬಂದ್ರೆ ಅದನ್ನ ಗೋಡೆ ಕಡೆ ತಿರುಗಿಸಿಡ್ತಿದ್ದ, ಕಳ್ಳ.”

ಹೇಳುತ್ತ ಹೇಳುತ್ತ ದೆಶುನ್‌ನ ಕೈ ನಿಂತಿತು. ಅವಳಿಗೂ ಅದೇ ಕ್ಷಣದಲ್ಲಿ ಹೊಳೆದಿತ್ತು. ಆ ಗಸಿಗೆ ಅಂಟಿಕೊಂಡು ಕಣಗಳು ಗುಂಪುಗಟ್ಟಿದ್ದವು. ಒಂಟಿ ಕಣ ಬೆಳಕಿನ ದಾರಿ ತಪ್ಪಿಸಲಾರದಷ್ಟು ಸಣ್ಣದು, ಗುಂಪಾದರೆ ತಪ್ಪಿಸುತ್ತದೆ. ಎಳೆಗೆ ಮುಳ್ಳು ಬರಿಸಿದ್ದು ಯೌಲಿನ್‌ನ ಕೊಳೆ. ಅದನ್ನು ಅವಳೇ, ತನ್ನ ಕೈಯಾರೆ, ಒಂದು ಕಲೆಯೂ ಉಳಿಯದಂತೆ ತೊಳೆದುಹಾಕಿದ್ದಳು.

“ಅಕ್ಕ…”

“ತಿನ್ನು, ಆರಿಹೋಗುತ್ತೆ,” ಎಂದಳು ರುಯಿಫೆನ್. ತನ್ನ ಬಟ್ಟಲಿನ ನೂಡಲ್ಸನ್ನು ಕೊನೆಯವರೆಗೂ ತಿಂದಳು. ಸಾರನ್ನೂ ಕುಡಿದಳು. ಎದ್ದು ಬಟ್ಟಲನ್ನು ಒಯ್ದು ಇಟ್ಟುಬಂದಳು.

ಅಲ್ಲಿಂದ ಮುಂದೆ ಅವಳು ನೀರು ಕೆಡಿಸುವುದಕ್ಕೆ ತೊಡಗಿದಳು. ಫ್ಲಾಸ್ಕು ತೊಳೆಯದೆ ಕುದಿಸಿದಳು; ಮುಳ್ಳಿಲ್ಲ. ನಲ್ಲಿ ನೀರು ಬೆರೆಸಿದಳು. ಚಿನ್ನ ಕಪ್ಪಾಗಿ ತಳ ಹಿಡಿಯಿತು. ಅಡುಗೆ ಉಪ್ಪು ಹಾಕಿದಳು. ಕ್ಷಣದಲ್ಲಿ ನೀಲಿಯಾಗಿ ಒಡೆದ ಹಾಲಿನಂತಾಯಿತು. ಕೊಳೆಗೂ ಒಂದು ಹದವಿತ್ತು. ಗುಂಪು ಎಷ್ಟು ದೊಡ್ಡದಿರಬೇಕು, ಎಷ್ಟು ಕಣ ಸೇರಿ ಒಂದು ಗುಂಪು, ಇದು ತಿಳಿಯದೆ ಆ ಹದ ಸಿಗುವಂತಿರಲಿಲ್ಲ. ಅದು ತಿಳಿದಿದ್ದುದು ಡ್ರಾಯರಿನಲ್ಲಿದ್ದ ಎಳೆಗೆ ಮಾತ್ರ. ಕತ್ತರಿಸಿದರೆ ಹೇಳುತ್ತದೆ. ಮತ್ತೆಂದೂ ಮುಳ್ಳು ಬಿಡುವುದಿಲ್ಲ.

ಚಾಂದ್ರ ಪಂಚಾಂಗದ ಕೊನೆಯ ತಿಂಗಳು ಬಂತು. ಊರಿನ ಬಾಲ್ಕನಿಗಳಲ್ಲೆಲ್ಲ ಉಪ್ಪು ಸವರಿದ ಮೀನು, ಬಾತುಕೋಳಿ, ಸಾಸೇಜುಗಳು ತೂಗತೊಡಗಿದವು. ಹಾಗಿರುವಾಗ ಯೌಲಿನ್‌ನ ತಾಯಿ ಬಂದಳು, ಚಾವ್ ಸರೋವರದ ದಡದಿಂದ. ಅಲ್ಲಿ ಆಕೆಗೆ ಒಣಮೀನಿನ ಅಂಗಡಿ ಇದೆ. ಮಗನ ಹಾಸಿಗೆ, ಪುಸ್ತಕಗಳು ಇನ್ನೂ ಹಾಸ್ಟೆಲಿನಲ್ಲಿ ಅವನೂ ದೆಶುನನೂ ಹಂಚಿಕೊಂಡಿದ್ದ ಕೋಣೆಯಲ್ಲಿದ್ದವು. ಹಬ್ಬಕ್ಕೆ ಮುಂಚೆ ಒಯ್ಯಬೇಕೆಂದು ಬಂದಿದ್ದಳು. ಮದುವೆ ನೋಂದಣಿಯಾಗಿದ್ದರೆ ರುಯಿಫೆನ್ ಅವಳನ್ನು ಅಮ್ಮ ಎನ್ನಬೇಕಿತ್ತು. ಆಗಲಿಲ್ಲವಾದ್ದರಿಂದ, ಪರಿಚಯದ ಹೆಂಗಸರನ್ನೆಲ್ಲ ಕರೆಯುವ ಹಾಗೆ, ಚಿಕ್ಕಮ್ಮ ಎಂದೇ ಉಳಿಯಿತು.

“ಏನೇ ಇದು, ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀಯಾ!” ಆಕೆ ಪ್ರಯೋಗಶಾಲೆಯ ಮೇಜಿನ ಮೇಲೆ ಕಾಗದ ಸುತ್ತಿದ ಬಾತುಕೋಳಿಯನ್ನು ಧಡ್ಡನೆ ಇಟ್ಟಳು. “ಇದನ್ನ ಬೇಯಿಸ್ಕೊಂಡು ತಿನ್ನು. ಉಪ್ಪು ಮುಂದಾಗಿದೆ, ನೀರಲ್ಲಿ ನೆನೆಹಾಕು ಮೊದಲು.”

“ಚಿಕ್ಕಮ್ಮ, ಇಲ್ಲಿ ತಿನ್ನೋ ಪದಾರ್ಥ ಇಡಂಗಿಲ್ಲ,” ಎಂದು ದೆಶುನ್ ಅದನ್ನೆತ್ತಿಕೊಂಡ. “ನಾನು ಜೋಪಾನವಾಗಿ ಇಡ್ತೀನಿ ಕೊಡಿ.”

“ನಿನ್ನ ಜೋಪಾನ ನಂಗೊತ್ತಿಲ್ವಾ? ಎಣಿಸಿ ಕಾಲೆರಡು ರೆಕ್ಕೆ ಎರಡು ಅವಳಿಗೆ ತಲುಪಿಸ್ಬೇಕು.” ಆಕೆ ಸುತ್ತ ನೋಡಿದಳು. ಯೌಲಿನ್‌ನ ಕಪಾಟಿನಲ್ಲಿ ಈಗ ಬೇರೆ ಯಾರದೋ ಹೆಸರು ಅಂಟಿಸಿತ್ತು. “ಅಲ್ಲ, ಅವನು ಇಲ್ಲಿ ಏನು ಮಾಡ್ತಿದ್ದ? ಕೇಳಿದಾಗೆಲ್ಲ ಬೆಳಕು ಮಾಡ್ತೀನಿ ಅಂತಿದ್ದ. ಎಲ್ಲಿ ಆ ಬೆಳಕು? ತೋರಿಸು ನೋಡೋಣ.”

ದೆಶುನ್ ರುಯಿಫೆನ್‌ಳ ಮುಖ ನೋಡಿದ.

“ಹಚ್ಚಿದ್ರೆ ಅದು ಮಾಸುತ್ತೆ ಚಿಕ್ಕಮ್ಮ,” ಎಂದಳು ರುಯಿಫೆನ್.

“ಹಚ್ಚದೆ ಇಟ್ರೆ?”

“ಹಾಗೇ ಇರುತ್ತೆ.”

“ಹಾಗೇ ಇದ್ದು?”

ರುಯಿಫೆನ್ ಡ್ರಾಯರು ತೆಗೆದಳು.

ಕತ್ತಲೆ ಕೋಣೆಯಲ್ಲಿ ಮೂವರೂ ಕಣ್ಣಿಗೆ ಬಣ್ಣದ ಕನ್ನಡಕ ಹಾಕಿಕೊಂಡು ನಿಂತರು. ಎಳೆಯ ಒಂದು ತುದಿಗೆ ಹಸಿರು ಬೆಳಕು ಮಿಡಿಮಿಡಿದು ಬಡಿಯಿತು. ಎಳೆ ಉದ್ದಕ್ಕೂ ಕೆಂಡದಂತಾಯಿತು. ಪಕ್ಕದ ತೆರೆಯ ಮೇಲೆ ಗುಡ್ಡ ಎದ್ದು, ಗುಡ್ಡದ ಮೇಲೆ ಮುಳ್ಳುಗಳು ಎದ್ದವು.

“ಇಷ್ಟೇನಾ?” ಎಂದಳು ತಾಯಿ.

“ಇಷ್ಟೇ ಚಿಕ್ಕಮ್ಮ.”

“ಇಷ್ಟಕ್ಕೇನಾ ಹಬ್ಬಕ್ಕೂ ಮನೆಗೆ ಬರದೆ ಕೂತ್ಕೋತಿದ್ದದ್ದು? ನಮ್ಮ ಅಂಗಡಿ ಬಲ್ಬು ಇದಕ್ಕಿಂತ ಚೆನ್ನಾಗಿ ಉರಿಯುತ್ತೆ.” ಆದರೂ ಕನ್ನಡಕದೊಳಗಿಂದ ಬಗ್ಗಿ ಬಗ್ಗಿ ನೋಡುತ್ತಿದ್ದಳು. “ಅಲ್ಲಿ ಮೇಲೆ ಏಳ್ತಿದೆಯಲ್ಲ, ಮೀನಿನ ಮುಳ್ಳಿನ ಥರ, ಅದೇನು?”

“ಅದೇ ಲೇಸರು. ಆ ಮುಳ್ಳು ಈ ಎಳೇಲಿ ಮಾತ್ರ ಹಾಗೆ ಬರೋದು. ಬೇರೆ ಎಳೇಲಿ ಬೇರೆ ಥರ. ಅವನು ಮಾಡಿದ್ದರಲ್ಲಿ ಇದೊಂದೇ ಉಳಿದಿರೋದು.”

“ಇನ್ನೊಂದು ಮಾಡಕ್ಕಾಗಲ್ವಾ?”

“ಆಗ್ತಿಲ್ಲ. ಅವನ ಫ್ಲಾಸ್ಕಿನಲ್ಲಿದ್ದ ಕೊಳೆಯಿಂದ ಇದು ಬಂದದ್ದು. ಅದನ್ನ ನಾನೇ ತೊಳೆದುಬಿಟ್ಟೆ ಚಿಕ್ಕಮ್ಮ.”

ರುಯಿಫೆನ್ ಗುಂಡಿ ಒತ್ತಿ ಬೆಳಕು ಆರಿಸಿದಳು. ದೆಶುನ್ ಕೋಣೆಯ ದೀಪ ಹಾಕಿದ. ತಾಯಿ ಕನ್ನಡಕ ತೆಗೆದು ಸೆರಗಿನಂತೆ ಇಳಿಬಿದ್ದ ಶಾಲಿನ ತುದಿಯಲ್ಲಿ ಅದರ ಗಾಜು ಒರೆಸಿದಳು.

“ಮನೇಲೂ ಅಷ್ಟೇ ಅವನು. ತಿಂದ ಬಟ್ಟಲು ಅಲ್ಲೇ. ಬಿಚ್ಚಿದ ಅಂಗಿ ಅಲ್ಲೇ. ಬಾಯಿ ನೋಯೋವಷ್ಟು ಬೈದಿದ್ದೀನಿ.” ಕನ್ನಡಕವನ್ನು ಮೇಜಿನ ಮೇಲಿಟ್ಟಳು. “ಅವನು ಹೋದ ಮೇಲೆ ಕೈ ಕಟ್ಟಿಕೊಂಡು ಕೂರೋಕಾಗದೆ ಅವನ ಬಟ್ಟೇನೆಲ್ಲ ಬಿಸಿನೀರು ಕಾಯಿಸಿ ಒಗೆದುಬಿಟ್ಟೆ. ಒಣಗಿದ ಮೇಲೆ ಮಡಿಸೋವಾಗ ಮೂಸಿ ನೋಡ್ತೀನಿ, ಬರೀ ಸೋಪಿನ ವಾಸನೆ. ಒಂದೇ ಒಂದು ಅಂಗಿ ಬಿಡಬಾರದಾಗಿತ್ತಾ ನಾನು, ಮುದಿ ಗೂಬೆ.”

ರುಯಿಫೆನ್‌ಗೆ ಆಕೆಯ ಕೈ ಹಿಡಿಯಬೇಕು ಎನ್ನಿಸಿತು, ಅದು ಸರಿಯಾದ ಕೆಲಸವೆಂದು ತಿಳಿದಿತ್ತು. ಕೈ ಮಾತ್ರ ಮೇಲೇಳಲಿಲ್ಲ.

“ದೆಶುನ್ ಹೇಳ್ದ, ನಿಮ್ಮ ಮೇಷ್ಟ್ರು ಇದನ್ನ ಕತ್ತರಿಸು ಅಂತಿದ್ದಾರಂತೆ. ನೀನು ಮುಂದಕ್ಕೆ ಹಾಕ್ತಿದ್ದೀಯಂತೆ.”

ರುಯಿಫೆನ್ ದೆಶುನ್‌ನತ್ತ ನೋಡಿದಳು. ಅವನು ಬಾತುಕೋಳಿಯ ಕಾಗದವನ್ನು ಸರಿಪಡಿಸುವುದರಲ್ಲಿ ಮಗ್ನನಾಗಿದ್ದ.

“ಕತ್ತರಿಸಿದ್ರೆ ಮತ್ತೆ ಮುಳ್ಳು ಬರಲ್ಲ ಚಿಕ್ಕಮ್ಮ.”

“ಕತ್ತರಿಸಿದ್ರೆ ಒಳಗೆ ಏನು ಕಾಣುತ್ತೆ?”

“ಕೊಳೆ. ಅವನು ಬಿಟ್ಟಿದ್ದ ಕೊಳೆ ಒಳಗೆ ಎಷ್ಟು ಸೇರಿದೆ, ಹೇಗೆ ಕೂತಿದೆ ಅಂತ ಕಾಣುತ್ತೆ.”

ತಾಯಿ ಮುಖವೆತ್ತಿದಳು. “ಅದು ಒಳಗಿದೆಯಾ? ತೊಳೆದುಬಿಟ್ಟೆ ಅಂದ್ಯಲ್ಲ.”

“ಫ್ಲಾಸ್ಕಿನದು ತೊಳೆದೆ. ಇದರೊಳಗಿನದು ಇದೆ.”

“ಮತ್ತೆ ಇಷ್ಟು ದಿನ ಏನು ಕಾಯ್ತಾ ಕೂತಿದ್ದೀಯೇ!” ಆಕೆ ಹೆಚ್ಚುಕಡಿಮೆ ಗದರಿದಳು. “ಆ ಬೆಳಕೇನು, ಈಗ ನೋಡಿದ್ದಾಯ್ತು. ನಾಳೆ ಮಾಸಿಹೋಗೋದು. ಒಳಗಿರೋದನ್ನ ನೋಡು ನೀನು. ಇವತ್ತೇ ಕತ್ತರಿಸು. ನನ್ನ ಬಸ್ಸಿಗಿನ್ನೂ ಹೊತ್ತಿದೆ, ನಾನಿಲ್ಲೇ ನಿಲ್ತೀನಿ.”

ರುಯಿಫೆನ್ ಕತ್ತರಿಸುವ ಮೇಜಿನ ದೀಪ ಹಾಕಿದಳು. ಪ್ಲಾಸ್ಟಿಕ್ ಎಳೆಯನ್ನು ತಣ್ಣನೆಯ ಬ್ಲೇಡಿನಲ್ಲಿ ಕತ್ತರಿಸಿದರೆ ತುದಿ ಸೀಳುತ್ತದೆ. ಬ್ಲೇಡು ಬಿಸಿಯಾಗಲೆಂದು ಕಾದಳು. ಎಳೆಯನ್ನು ತೋಡಿನಲ್ಲಿ ಮಲಗಿಸಿದಳು. ಎಡತುದಿ. ಬಲತುದಿ. ನಡುವಿಗೆ ಬಂದಾಗ ಯೌಲಿನ್‌ನ ತಾಯಿ ಅತ್ತ ಮುಖ ತಿರುಗಿಸಿಕೊಂಡಳು. ರುಯಿಫೆನ್ ತಿರುಗಿಸಲಿಲ್ಲ. ಬ್ಲೇಡು ಇಳಿಯಿತು. ಶಬ್ದವೇ ಆಗಲಿಲ್ಲ.

ಬೇಕಾದ ಮೂರು ಚೂರುಗಳನ್ನು ಪುಟ್ಟ ಸೀಸೆಗಳಿಗೆ ಹಾಕಿ ಹೆಸರು ಬರೆದಳು. ಎರಡು ಉದ್ದ ತುಂಡುಗಳು ಉಳಿದವು.

“ಅವನ್ನೇನು ಮಾಡ್ತೀಯಾ?”

“ಕಸಕ್ಕೆ ಹಾಕೋದು.”

“ಇಲ್ಲಿ ಕೊಡು.”

“ಇನ್ನು ಅದರಲ್ಲಿ ಏನೂ ಬರಲ್ಲ ಚಿಕ್ಕಮ್ಮ. ಲೇಸರಾಗಲ್ಲ.”

“ನಂಗೆ ಲೇಸರು ಯಾಕೆ? ಮನೇಲಿ ಕರೆಂಟಿದೆ.” ಆಕೆ ಎರಡೂ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿ, ಸ್ವೆಟರಿನ ಒಳಜೇಬಿಗೆ ಸೇರಿಸಿ, ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡಳು. ದೆಶುನ್ ಹಾಸಿಗೆಯ ಗಂಟನ್ನು ಹೊತ್ತುಕೊಂಡು ಬಸ್ಸಿನವರೆಗೆ ಹೋದ.

ಚೂರುಗಳನ್ನು ಅಂಟಿನಲ್ಲಿ ಕೂರಿಸಿ, ವಜ್ರದ ಅಲಗಿನಿಂದ ಉಸಿರಿಗೂ ಹಾರಿಹೋಗುವಷ್ಟು ತೆಳ್ಳಗೆ ಹೆರೆದು, ಸೂಕ್ಷ್ಮದರ್ಶಕದ ಸರದಿ ಸಿಗುವ ಹೊತ್ತಿಗೆ ಹಾಸ್ಟೆಲು ಅರ್ಧ ಖಾಲಿಯಾಗಿತ್ತು. ಚೂ ಮೇಷ್ಟ್ರು, ದೆಶುನ್ ಇಬ್ಬರೂ ಅವಳ ಹಿಂದೆ ನಿಂತಿದ್ದರು. ತೆರೆಯ ಮೇಲೆ ಬೂದು ಬಣ್ಣದ ಬಯಲು ಮೂಡಿತು. ಅದರಲ್ಲಿ ಕಪ್ಪು ಚುಕ್ಕೆಗಳು. ಒಂಟಿ ಚುಕ್ಕೆಗಳು ಕಡಿಮೆ. ಉಳಿದವೆಲ್ಲ ಮೂರು ಸೇರಿದವು, ಐದು ಸೇರಿದವು, ಒಂದಕ್ಕೊಂದು ಆತುಕೊಂಡು ಬಾಲ ಬಿಟ್ಟವು, ಅರ್ಧ ಬಳೆಯಂತೆ ಬಾಗಿದವು. ತಳ ಹತ್ತಿದ ಅನ್ನದ ಅಗುಳಿನಂತೆ ಯದ್ವಾತದ್ವಾ.

“ಅಬ್ಬಬ್ಬಾ, ಎಂಥ ಗಲೀಜು!” ಎಂದರು ಮೇಷ್ಟ್ರು. ಅವರ ಮುಖ ಅರಳಿತ್ತು. “ಇವನ್ನೇ ಅಳತೆ ಮಾಡ್ಬೇಕು ಕಣಮ್ಮಾ. ಒಂದೊಂದು ಗುಂಪೂ ಎಷ್ಟು ದೊಡ್ಡದು ಅಂತ ಗೊತ್ತಾದ್ರೆ ಉಪ್ಪಿನ ಹದ ತಾನಾಗೇ ಸಿಗುತ್ತೆ. ಹಬ್ಬ ಕಳೆದ ಕೂಡ್ಲೆ ಹೊಸ ಎಳೆ. ಮೂರನೆಯವನ ಬಾಯಿ ಮುಚ್ಚಿತು ಅನ್ನು.”

“ಅಳೆಯೋಕೆ ಕಂಪ್ಯೂಟರೇ ಇದೆಯಲ್ಲ ಅಕ್ಕ,” ಎಂದ ದೆಶುನ್. “ಒಂದು ಗುಂಡಿ ಒತ್ತಿದ್ರೆ ಎಲ್ಲಾನೂ ಅದೇ ಹೇಳುತ್ತೆ.”

“ಅದು ಹತ್ತಿರ ಇರೋದನ್ನೆಲ್ಲ ಒಂದೇ ಅಂದ್ಕೊಳ್ಳುತ್ತೆ. ನಾನು ಕೈಯಿಂದ ಮಾಡ್ತೀನಿ.”

ಅವರು ಹೋದ ಮೇಲೆ ಅವಳು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡಳು. ಒಂದು ಗುಂಪನ್ನು ದೊಡ್ಡದು ಮಾಡಿ, ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದು, ಅಳತೆ ಬರೆದುಕೊಂಡಳು. ಪಕ್ಕದ್ದು. ಅದರ ಪಕ್ಕದ್ದು. ಕೆಲವಕ್ಕೆ ಒಂದೇ ಗೆರೆ ಸಾಲದಾಗಿತ್ತು. ಅಂಥವನ್ನು ಅವಳು ತಿರುಗಿಸಿ ತಿರುಗಿಸಿ ನೋಡಿ ಅಳೆದಳು. ಎಲ್ಲಿಯೂ ಬೇಸರ ಎನ್ನಿಸಲಿಲ್ಲ. ಬೇಗ ಮುಗಿಸಬೇಕು ಎಂದೂ ಎನ್ನಿಸಲಿಲ್ಲ. ಕಿಟಕಿಯಾಚೆ ಯಾರೋ ಚಕ್ರದ ಪೆಟ್ಟಿಗೆ ಎಳೆದುಕೊಂಡು ಊರಿಗೆ ಹೊರಟಿದ್ದರು. ಅದರ ಗಡಗಡ ಸದ್ದು ಬಹಳ ದೂರದವರೆಗೆ ಕೇಳುತ್ತಿತ್ತು.

ದೆಶುನ್ ಮತ್ತೆ ಬಾಗಿಲಲ್ಲಿ ತಲೆ ಹಾಕಿದ.

“ಅಕ್ಕ, ಕ್ಯಾಂಟೀನು ಮುಚ್ತಾರೆ. ಬಾತುಕೋಳಿ ಬೇಯಿಸಿದ್ದೀನಿ, ಕಾಲೆರಡು ನಿಂದೇ. ಇನ್ನೂ ಇದೆಯಾ ನಿಂದು?”

“ಇನ್ನೂ ಇದೆ,” ಎಂದಳು ರುಯಿಫೆನ್, ತೆರೆಯಿಂದ ಕಣ್ಣು ತೆಗೆಯದೆ. “ನೀನು ನಡಿ. ಬರ್ತೀನಿ.”

ಮುಂದಿನ ಗುಂಪಿಗೆ ಗೆರೆ ಎಳೆದಳು.